ತುಳಜಪ್ಪನ ಕೈಯಲ್ಲಿದ್ದ ಸೌಟು

ದೇವರಿಗೆ ಲೋಕ ಮಾಡಲು ಆರು ದಿನ ಸಿಕ್ಕಿದ್ದವು. ಸುಗುಣಮ್ಮಳಿಗೆ ಸಿಕ್ಕಿದ್ದು ಒಂದೇ ದಿನ, ಅದೂ ಸಂಜೆ ದೀಪ ಹಚ್ಚುವುದರೊಳಗೆ.

ದಸರೆಯ ರಜೆ ಬಂತೆಂದರೆ ಜಹೀರಾಬಾದಿನ ಪಾದ್ರಿಗಳು ಬಣ್ಣದ ಕಾಗದ, ಕತ್ತರಿ, ಅಂಟು, ಹಾಡಿನ ಪೆಟ್ಟಿಗೆ ಎಲ್ಲವನ್ನೂ ಒಂದು ಟ್ರಂಕಿಗೆ ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳಿಸುತ್ತಿದ್ದರು. ಒಂದೂರಿಗೆ ಒಂದು ದಿನ. ಇವತ್ತು ಮಾಳವಾಡಿಯ ಕೇರಿಯ ಚರ್ಚಿನಲ್ಲಿ ಮಕ್ಕಳ ಮೇಳ; ದೇವರು ಲೋಕ ಮಾಡಿದ ಕತೆಯನ್ನು ಕೇರಿಯ ಸುಗುಣಮ್ಮ ಮಕ್ಕಳಿಂದ ಆಡಿಸಬೇಕು. ನಾಳೆ ಬೆಳಗಾದರೆ ಟ್ರಂಕು ಆಟೋ ಹತ್ತಿ ಮುಂದಿನ ಊರಿಗೆ. ಮೊಗುಡಂಪಲ್ಲಿ ದಾಟಿದ ಮೇಲೆ ಸಿಗುವ ಈ ಮಾಳವಾಡಿ ಎಂಥದ್ದೆಂದರೆ, ಇಲ್ಲಿ ಮೇಯಲು ಬಿಟ್ಟ ಮೇಕೆ ಮಧ್ಯಾಹ್ನ ಕರ್ನಾಟಕದ ಹುಲ್ಲು ತಿಂದು ಸಂಜೆಗೆ ತೆಲಂಗಾಣದ ಗೂಟಕ್ಕೆ ಬಂದು ನಿಲ್ಲುತ್ತದೆ. ಸರ್ಕಾರಗಳು ಎಳೆದ ಗಡಿ ಯಾರ ಕಾಲಿಗೂ ತೊಡರುವುದಿಲ್ಲ. ತೊಡರುವ ಗಡಿ ಊರಿನ ಒಳಗೇ ಇದೆ. ಊರಿಗೂ ಕೇರಿಗೂ ನಡುವೆ ನಿಂತ ಹುಣಸೆ ಮರದ ಬುಡದಲ್ಲಿ.

ಆ ಬೆಳಿಗ್ಗೆ ಮಂಜು ಇಳಿದಿತ್ತು. ಕೆಂಪು ಮಣ್ಣು, ಶುಂಠಿ ಹೊಲ, ತೊಗರಿ ಸಾಲು ಎಲ್ಲ ಮಂಜಿನಲ್ಲಿ ಕರಗಿ, ಚರ್ಚಿನ ಸುಣ್ಣದ ಗೋಡೆಯೊಂದೇ ಹಾಲಿನಲ್ಲಿ ತೇಲುವ ಹಾಗೆ ಕಾಣುತ್ತಿತ್ತು. ಹುಣಸೆ ಮರವೂ ಕಾಣಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಸುಗುಣಮ್ಮಳ ಕಿವಿಗೆ ಮೊದಲು ನಗು ಬಂತು, ಆಮೇಲೆ ಚಪ್ಪಲಿಯ ಸಪ್ಪಳ, ಆಮೇಲೆ ಮಕ್ಕಳೇ ಬಂದರು. ಯಾರು ಕೇರಿಯಿಂದ ಬಂದರು, ಯಾರು ಊರಿನಿಂದ ಬಂದರು, ತಿಳಿಯಲಿಲ್ಲ. ಬಿಳಿಯೊಳಗಿಂದ ಮಕ್ಕಳು ಹುಟ್ಟಿ ಹುಟ್ಟಿ ಬರುತ್ತಿದ್ದ ಹಾಗಿತ್ತು. ದಿನವೆಲ್ಲ ಈ ಮಂಜು ಹೀಗೇ ನಿಂತಿದ್ದರೆ, ಎಂದುಕೊಂಡಳು.

ಅವಳ ಎದೆಯಲ್ಲಿ ಕುಳಿತಿದ್ದ ಮುಳ್ಳು ಮಧ್ಯಾಹ್ನದ ಊಟ.

ಹೋದ ವರ್ಷದ ಮೇಳ ಮಧ್ಯಾಹ್ನಕ್ಕೇ ಮುಗಿದಿತ್ತು. ಊರ ಮಕ್ಕಳಿಗೂ ಕೇರಿಯ ಮಕ್ಕಳಿಗೂ ಬಿಸ್ಕೀಟಿನ ಪುಡ ಹಂಚಿ ಕಳಿಸಿದ್ದರು. ಮುಚ್ಚಿದ ಪುಡಕ್ಕೆ ಜಾತಿ ಇಲ್ಲ. ಅದನ್ನು ಯಂತ್ರ ಹೆತ್ತಿರುತ್ತದೆ. ಬೆಂದ ಅನ್ನಕ್ಕೆ ಮಾತ್ರ ತಾಯಿ ಯಾರು, ಒಲೆ ಯಾರದು ಎಂಬ ವಿಚಾರಣೆ. ಈ ಸಲ ಸಂಜೆಯವರೆಗೆ ಮಕ್ಕಳನ್ನು ಇಟ್ಟುಕೊಳ್ಳಬೇಕು, ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಬೇಕು, ಅಡುಗೆ ತಾನೇ ಮಾಡಬೇಕು ಎಂದು ಸುಗುಣಮ್ಮ ಹಟ ಹಿಡಿದಿದ್ದಳು. ಹಟಕ್ಕೆ ಕಾರಣವಿತ್ತು. ಒಂದು ಕಾಲಕ್ಕೆ ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿ ಸೇರಿದ್ದಳು. ಅವಳು ಒಲೆ ಹಚ್ಚಿದ ದಿನವೇ ಊರ ಮಕ್ಕಳು ಮನೆಯಿಂದ ಡಬ್ಬಿ ತಂದರು. ಯಾರೂ ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಹೆಡ್‌ಮಾಸ್ತರರು ಬಹಳ ಮೃದುವಾಗಿ, "ಅಕ್ಕಿ ಹಸನ ಮಾಡವ್ವ, ಭಾಂಡಿ ತಿಕ್ಕವ್ವ, ಒಲಿ ಕಡಿ ಮಾತ್ರ ಬರಬ್ಯಾಡ" ಅಂದರು. ತಿಕ್ಕಿದ ಪಾತ್ರೆಯನ್ನು ಅವಳು ತಿಂಗಳುಗಟ್ಟಲೆ ನೋಡಿದಳು. ಪಾತ್ರೆಗೆ ತನ್ನ ಕೈ ಆಗುತ್ತದೆ, ಪಾತ್ರೆಯೊಳಗಿನ ಅನ್ನಕ್ಕೆ ಆಗುವುದಿಲ್ಲ. ಒಂದು ದಿನ ಬೂದಿ ಮೆತ್ತಿದ ಕೈಯಲ್ಲೇ ಎದ್ದು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ.

ಚರ್ಚಿನ ಹಿರಿಯ, ಅವಳು ವರಸೆಯಿಂದ ಮಾವ ಎನ್ನುವ ದೇವದಾಸಪ್ಪ ಅವಳ ಹಟವನ್ನು ಅರ್ಧ ಒಪ್ಪಿದ್ದ. ಪಂಕ್ತಿ ಆಗಲಿ, ಆದರೆ ಅಡುಗೆಗೆ ನಾರಾಯಣಖೇಡದ ತುಳಜಪ್ಪ ಬರಲಿ ಎಂದಿದ್ದ. ಕೇರಿಯ ಮದುವೆಗಳಲ್ಲಿ ಅದೇ ರೂಢಿ. ಒಂದು ಚಪ್ಪರ ನೆಂಟರಿಗೆ, ಇನ್ನೊಂದು ಊರಿನವರಿಗೆ. ಊರಿನವರ ಚಪ್ಪರದಲ್ಲಿ ಮೇಲಿನ ಜಾತಿಯ ಅಡುಗೆಯವ, ಹೊಸ ಪಾತ್ರೆ, ಬೇರೆ ನೀರು. ನಮ್ಮ ಮಗಳ ಮದುವೆಯಲ್ಲಿ ನಾವೇ ಕಾಲಿಡಬಾರದ ಚಪ್ಪರವನ್ನು ನಾವೇ ಗೂಟ ಹೊಡೆದು ಕಟ್ಟಿ, ಅದರ ಮುಂದೆ ನಾವೇ ಕೈಮುಗಿದು ನಿಂತು, "ಉಂಡು ಹೋಗ್ರಿ" ಎಂದು ಬೇಡಿಕೊಳ್ಳುವುದಕ್ಕೆ ಈ ಸೀಮೆಯಲ್ಲಿ ಮರ್ಯಾದೆ ಎನ್ನುತ್ತಾರೆ.

ಸುಗುಣಮ್ಮ ತುಟಿ ಕಚ್ಚಿ ಹೂಂ ಅಂದಿದ್ದಳು. ಮಕ್ಕಳು ಕೂಡಿ ಕೂತರೆ ಸಾಕು ಎಂದು.

ಮಂಜು ಇನ್ನೂ ಹರಿದಿರಲಿಲ್ಲ. ದೇವದಾಸಪ್ಪ ಫೋನು ಹಿಡಿದುಕೊಂಡೇ ಬಂದ.

"ಸುಗುಣಾ, ಘಾತ ಆತವ್ವ. ತುಳಜಪ್ಪ ರಾತ್ರಿ ಯಾವ್ದೋ ಮದುವ್ಯಾಗ ಅಡಿಗಿ ಮಾಡಿ ಮಲಕೊಂಡುಬಿಟ್ಟಾನ. ಬೆಳಗಿನ ಬಸ್ ತಪ್ಪ್ಯಾದ. ಬರೋದು ಮಧ್ಯಾನ ಆತದಂತ."

"ಮಧ್ಯಾನ ಬಂದು ಒಲಿ ಹಚ್ಚಿದ್ರ ಹುಡುಗ್ರು ಯಾವಾಗ ಉಣ್ಣಬೇಕು, ಮಾವ?"

"ಅದಕ್ಕೇ ಹೇಳ್ಲತ್ತೀನಿ. ಊರ ಹುಡುಗ್ರಿಗಿ ಬಿಸ್ಕೀಟ್ ಪುಡ ಕೊಟ್ಟು ಕಳಿಸಿಬಿಡಮು. ನಮ್ಮವಕ್ಕ ನೀ ಏನರೆ ಕುದಿಸು."

"ಲೋಕ ಅರ್ಧಕ್ಕ ಬಿಟ್ಟು ಕಳಸ್ತೀರಿ? ಇನ್ನಾ ಸೂರ್ಯಾನೂ ಹುಟ್ಟಿಲ್ಲ, ನೋಡ್ರಿ."

"ನಿಂದೊಂದು ಮಾತು!" ದೇವದಾಸಪ್ಪ ನಕ್ಕು, ಫೋನು ಕಿವಿಗಿಟ್ಟುಕೊಂಡು ಮಂಜಿನೊಳಕ್ಕೆ ಹೋದ.

ಸುಗುಣಮ್ಮ ಹಿಂದಿನ ಅಂಗಳಕ್ಕೆ ಹೋದಳು. ಮೂರು ಕಲ್ಲಿನ ದೊಡ್ಡ ಒಲೆ, ತಿಕ್ಕಿ ಬೋರಲು ಹಾಕಿದ ಡೇಗು ಎಂಬ ದೊಡ್ಡ ಪಾತ್ರೆ, ಅಕ್ಕಿಯ ಚೀಲ, ಸೋರೆಕಾಯಿ ಎಲ್ಲ ತುಳಜಪ್ಪನಿಗಾಗಿ ಕಾಯುತ್ತಿದ್ದವು. ಅವಳ ಅತ್ತೆ ಪೋಚಮ್ಮ ಈಳಿಗೆ ಮಣೆಯ ಮೇಲೆ ಕೂತು ಸೋರೆಕಾಯಿ ಹೆಚ್ಚುತ್ತಿದ್ದಳು.

"ಎಷ್ಟು ಮಂದಿಗಿ ಅಕ್ಕಿ ಹಾಕ್ಲೆ, ಅತ್ತಿ?"

ಮುದುಕಿ ಈಳಿಗೆಯಿಂದ ಕಣ್ಣು ತೆಗೆಯಲಿಲ್ಲ. "ಬಂದೋರು ಎಷ್ಟು ಮಂದಿ ಹರ, ಅಷ್ಟು ಮಂದಿಗಿ."

ಬೆಂಕಿ ಹತ್ತಿತು.

ಆಮೇಲಿನ ಹೊತ್ತು ಸುಗುಣಮ್ಮಳಿಗೆ ನಿದ್ದೆಯಲ್ಲಿ ನಡೆದ ಹಾಗೆ ನಡೆಯಿತು. ಒಳಗೆ ಹೋಗಿ ಮಕ್ಕಳಿಗೆ ಸೃಷ್ಟಿಯ ಒಂದು ದಿನ ಹೇಳಿಕೊಡುವಳು, ಹೊರಗೆ ಬಂದು ಒಲೆ ನೋಡುವಳು. "ಬೆಳಕಾಗಲಿ ಅಂದ ದೇವರು" ಎಂದಾಗ ಮಕ್ಕಳು ಮುಚ್ಚಿದ ಕಿಟಕಿಗಳನ್ನೆಲ್ಲ ಒಮ್ಮೆಲೇ ತೆರೆದರು. ಆ ಹೊತ್ತಿಗೇ ಮಂಜು ಹರಿದು, ಎಳೆಬಿಸಿಲು ನೆಲದ ಮೇಲೆ ಬಟ್ಟೆ ಹಾಸಿದಂತೆ ಬಿತ್ತು. ಮಕ್ಕಳಿಗೆ ಅದು ತಮ್ಮದೇ ಕೆಲಸ ಅನ್ನಿಸಿ ಹುಚ್ಚೆದ್ದು ಕೂಗಿದರು. ಹೊರಗೆ ಎಣ್ಣೆ ಕಾಯಿತು. ಲವಂಗ, ಚಕ್ಕೆ, ಶಾಜೀರಿಗೆ ಸಿಡಿದವು. ಒಳಗೆ ಯಾರದೋ ತಾಯಿಯ ನೀಲಿ ಸೀರೆ ಕಂಬದಿಂದ ಕಂಬಕ್ಕೆ ಆಕಾಶವಾಯಿತು. ಹೊರಗೆ ಈರುಳ್ಳಿ ಕೆಂಪಾಯಿತು, ಪುದೀನ ಬಿತ್ತು, ನೀರು ಕುದಿದು ಸಣ್ಣ ಕಡಲಿನ ಹಾಗೆ ಮೊರೆಯಿತು. ಬಗಾರಾ ಅನ್ನದ ವಾಸನೆ ಆಕಾಶದ ಕೆಳಗೆ ನುಸುಳಿತು. ಯಾವುದು ಸೃಷ್ಟಿ, ಯಾವುದು ಅಡುಗೆ ಎಂಬ ಗೆರೆ ಅಳಿಸಿಹೋಗಿ, ಅವಳ ಕೈಯಿಂದಲೇ ಎರಡೂ ಆಗುತ್ತಿದ್ದವು. ಹೆಡ್‌ಮಾಸ್ತರರ ಮೃದು ಮಾತು ಎಲ್ಲೋ ದೂರದ ಹೊಲದಲ್ಲಿ ಯಾರೋ ಎತ್ತು ಬೆದರಿಸಿದಂತೆ ಕೇಳಿ ಸುಮ್ಮನಾಯಿತು.

ನಾಲ್ಕನೆಯ ದಿನಕ್ಕೆ ಸೂರ್ಯ ಬೇಕಿತ್ತು. ಊರಿನ ಶಿವಕಾಂತಾಳ ಮಗ ಓಂಕಾರ ತಾನೇ ಸೂರ್ಯ ಎಂದು ಹಟ ಮಾಡಿ, ಹಳದಿ ಕಾಗದದ ಕಿರಣಗಳ ಕಿರೀಟ ತಲೆಗೇರಿಸಿಕೊಂಡ. ಪ್ರಾಣಿಗಳ ದಿನ ಕುರುಬರ ಸ್ವಾತಿ ಮನೆಗೆ ಓಡಿ ನಿಜವಾದ ಕುರಿಮರಿಯನ್ನೇ ಹೊತ್ತು ತಂದಳು. ಅದು ಚರ್ಚಿನ ನಡುವೆ ನಿಂತು ಹಿಕ್ಕೆ ಹಾಕಿತು.

"ಥೂ, ಸ್ವಾತಿ, ನಿನ್ನ ಕುರಿ ದೇವ್ರ ಮುಂದ ಏನ್ ಮಾಡ್ತದ ನೋಡು!"

"ಮಾಡ್ಲಿ ಬಿಡು. ಈಗೇ ಹುಟ್ಟ್ಯಾದ ಅದು. ಅದಕ್ಕೇನ್ ಗೊತ್ತು?"

ಕಡೆಗೆ ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ಊರು ಬರೆದರು. ಮನೆ, ಬಾವಿ, ಬಸ್ಸು ನಿಲ್ಲುವ ಕಟ್ಟೆ, ಹುಣಸೆ ಮರ. ಮರದ ಆಚೆ ಒಂದಿಷ್ಟು ಮನೆ, ಈಚೆ ಒಂದಿಷ್ಟು. ಕೇರಿಯ ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದೇ ತಲೆ ಎತ್ತಿದಳು.

"ಯಕ್ಕಾ, ಬೆಳಕು ಒಂದನೇ ದಿನ ಮಾಡ್ದ, ಗಿಡ ಮೂರನೇ ದಿನ ಮಾಡ್ದ. ನಮ್ಮ ಓಣಿ ಯಾವ ದಿನ ಮಾಡ್ದ ದೇವ್ರು?"

ಸುಗುಣಮ್ಮ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಓಣಿ ಆತ ಮಾಡಿಲ್ಲವ್ವ. ಆತ ಮಣ್ಣು ಮಾಡ್ದ, ನೀರು ಮಾಡ್ದ, ಮನಷ್ಯಾನ್ನ ಮಾಡ್ದ. ಓಣಿ ಮಂದಿ ಮಾಡ್ಯಾರ."

"ಯಾವಾಗ?"

ಕಿರೀಟದ ಓಂಕಾರ ಥಟ್ಟನೆ ಹೇಳಿದ: "ಏಳನೇ ದಿನ ಇರಬೇಕು. ಆತ ಮಲಗಿದ್ನಲ್ಲಾ, ಅವಾಗ ಮಾಡ್ಯಾರ!"

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಸುಗುಣಮ್ಮಳೂ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡು, ಅನ್ನ ಇಳಿಸಲು ಓಡಿದಳು.

ಅನ್ನ ಇಳಿಯಿತು. ಬೇಳೆ, ಸೋರೆಕಾಯಿಯ ದಾಲ್ಚಾ ಹುಣಸೆ ಹುಳಿ ಕುಡಿದು ಗಟ್ಟಿಯಾಯಿತು. ಅವಳು ಕೈ ತೊಳೆದು, ಮಕ್ಕಳನ್ನು ಬಾವಿಯ ಕಡೆಗೆ ಕೈಕಾಲು ತೊಳೆಸಲು ಕರೆದುಕೊಂಡು ಹೋದ ಆ ಹೊತ್ತಿನಲ್ಲೇ ತುಳಜಪ್ಪ ಬಂದ. ಹೆಗಲ ಮೇಲೆ ಟವೆಲು, ಹಣೆಗೆ ವಿಭೂತಿ, ಕಣ್ಣಲ್ಲಿ ಮದುವೆ ಮನೆಯ ನಿದ್ದೆ.

ಅವಳು ತಿರುಗಿ ಬಂದಾಗ ಚಾಪೆ ಹಾಸಿಯಾಗಿತ್ತು. ಡೇಗು ಹಿಂದಿನ ಅಂಗಳದಿಂದ ಮುಂದಿನ ಅಂಗಳಕ್ಕೆ, ಎಲ್ಲರ ಕಣ್ಣಿಗೂ ಕಾಣುವ ಜಾಗಕ್ಕೆ ಬಂದಿತ್ತು. ಅದರ ಪಕ್ಕ ಕುರ್ಚಿ ಹಾಕಿಕೊಂಡು ತುಳಜಪ್ಪ ಕೂತಿದ್ದ. ಕೈಯಲ್ಲಿ ಸೌಟು.

ಕಾಂಪೌಂಡಿನ ಆಚೆ ಊರಿನ ಹೆಂಗಸರು ಮಕ್ಕಳನ್ನು ಊಟಕ್ಕೆ ಕರೆದೊಯ್ಯಲು ಬಂದು ನಿಂತಿದ್ದರು. ಸ್ವಾತಿಯ ಅಜ್ಜಿ ಭೀಮವ್ವ ಗೋಡೆಗೆ ಮೊಣಕೈ ಊರಿದ್ದಳು.

"ತುಳಜಪ್ಪಣ್ಣಾ, ನೀ ಬಂದಿ ಅಂದ್ರ ಆತು ಬಿಡು," ಭೀಮವ್ವ ಕೂಗಿದಳು. "ನಿನ್ನ ಬಗಾರದ ವಾಸನಿ ನಮ್ಮ ಹಟ್ಟಿ ತನಕ ಬಂದದ. ಸತ್ತ ನಮ್ಮ ಮುದುಕನೂ ಎದ್ದು ಕೂಡ್ತಿದ್ದ ನೋಡು ಇವತ್ತ."

"ಕೈ ಅದ ಭೀಮವ್ವ, ಕೈ," ತುಳಜಪ್ಪ ಸೌಟು ಎತ್ತಿ ತೋರಿಸಿದ.

"ಹಂಗಾದ್ರ ಉಂಡೇ ಬರ್ಲಿ," ಶಿವಕಾಂತಾ ಹಗುರಾದ ದನಿಯಲ್ಲಿ ಅಂದಳು. "ಓಂಕಾರಾ, ಚೆಲ್ಲಬ್ಯಾಡ ನೋಡು."

ಮಕ್ಕಳು ಕೂತರು. ಕೇರಿ, ಊರು ಒಂದಾದ ಮೇಲೊಂದು, ಒದ್ದೆ ಕೈ, ಒದ್ದೆ ಮೊಣಕಾಲು. ಸುಗುಣಮ್ಮ ವರ್ಷಗಟ್ಟಲೆ ಕಣ್ಣು ಮುಚ್ಚಿ ಕಂಡ ಪಂಕ್ತಿ ಕಣ್ಣು ತೆರೆದಾಗಲೂ ಅಲ್ಲೇ ಇತ್ತು. ತುಳಜಪ್ಪ ಬಡಿಸುತ್ತಾ ಹೋದ. ಅವಳ ಅನ್ನ ಒಬ್ಬೊಬ್ಬರ ತಟ್ಟೆಗೆ ಅವನ ಕೈಯಿಂದ ಬೀಳುತ್ತಿತ್ತು.

ದೇವದಾಸಪ್ಪ ಅವಳ ಪಕ್ಕಕ್ಕೆ ಸರಿದು ನಿಂತ. "ಸಿಟ್ಟಾಗಬ್ಯಾಡ. ನಾ ಸುಳ್ಳು ಹೇಳಿಲ್ಲ. ಖುರ್ಚಿ ಹಾಕೀನಿ, ಸೌಟು ಕೊಟ್ಟೀನಿ, ಅಷ್ಟೆ. ಮಂದಿ ತಾವೇ ತಿಳ್ಕೊಂಡಾರ."

"ನನ್ನ ಅಡಿಗಿ, ಮಾವ."

"ಅದು ದೇವ್ರಿಗಿ ಗೊತ್ತದ, ಸಾಲದೇನು? ಹುಡುಗ್ರು ಉಣ್ಲತ್ತಾರ. ನೀ ಬೇಡಿದ್ದು ಇದೇ ಹೌದಿಲ್ಲೊ? ಹೆಸರು ತಗೊಂಡು ಏನ್ ಮಾಡ್ತಿ? ಹೂಂ, ಪ್ರಾರ್ಥನಾ ಮಾಡು. ತುಳಜಪ್ಪನ ಹೆಸರು ಹಿಡಿ."

ಮಾಳವಾಡಿಯ ಚರ್ಚಿನಲ್ಲಿ ಊಟದ ಪ್ರಾರ್ಥನೆಗೆ ಒಂದು ಪದ್ಧತಿ ಇದೆ. ಅನ್ನ ಬೇಯಿಸಿದವರ ಹೆಸರು ಹಿಡಿದು, ಅವರ ಕೈ ಹರಸು ಎಂದು ಕೇಳಬೇಕು, ಆಮೇಲೆಯೇ ತುತ್ತು. ಕೇರಿಯ ಮದುವೆಗಳಲ್ಲಿ ತುಳಜಪ್ಪನ ಕೈ ಎಷ್ಟು ಸಲ ಹರಸಿಕೊಂಡಿದೆಯೋ. ಮಕ್ಕಳು ಕಣ್ಣು ಮುಚ್ಚಿ ಕೈ ಜೋಡಿಸಿ ಕೂತಿದ್ದರು. ಕೆಲವರು ಒಂದು ಕಣ್ಣಿನಿಂದ ತಟ್ಟೆ ನೋಡುತ್ತಿದ್ದರು. ಗೋಡೆಯಾಚೆಯ ಹೆಂಗಸರೂ ಸೆರಗು ತಲೆಗೆಳೆದುಕೊಂಡರು.

ಸುಗುಣಮ್ಮ ಕಣ್ಣು ಮುಚ್ಚಿದಳು. ಒಳಗೆ ಮತ್ತೆ ಬೆಳಗಿನ ಮಂಜು. ಅದರೊಳಗೆ ಒಂದು ಹೆಸರು ಹೇಳಿದರೆ ಪಂಕ್ತಿ ಉಳಿಯುತ್ತದೆ. ಇನ್ನೊಂದು ಹೆಸರು ಹೇಳಿದರೆ ಒಡೆಯುತ್ತದೆ. ಹಸಿದ ಕೂಸುಗಳನ್ನು ತಟ್ಟೆಯ ಮುಂದಿಂದ ಎಬ್ಬಿಸಿದ ಪಾಪ ತನ್ನದಾಗುತ್ತದೆ ಅನ್ನಿಸಿತು. ಆದರೆ ಈ ಮಕ್ಕಳು ಇವತ್ತು ಉಂಡು ಹೋಗುವುದು ಯಾರ ಅನ್ನ? ನಾಳೆ ಇವರು ದೊಡ್ಡವರಾಗಿ, ಕೇರಿಯಲ್ಲಿ ನಾವೂ ಉಂಡಿದ್ದೆವು ಎನ್ನುತ್ತಾರೆ, ತುಳಜಪ್ಪ ಮಾಡಿದ್ದು ಎಂದೂ ಸೇರಿಸುತ್ತಾರೆ. ಒಡೆಯಬಾರದೆಂದು ಸುಳ್ಳಿನಿಂದ ಕಟ್ಟಿದ ಪಂಕ್ತಿ ಅದೇ ಹಳೆಯ ಎರಡನೆಯ ಚಪ್ಪರ. ದೇವರಿಗೆ ಗೊತ್ತಿದ್ದರೆ ಸಾಲದು. ದೇವರಿಗೆ ಶಾಲೆಯ ಒಲೆಯ ವಿಷಯವೂ ಗೊತ್ತಿತ್ತು.

"ತಂದೀ," ಅವಳು ದನಿ ಎತ್ತಿದಳು. ಗೋಡೆಯಾಚೆಗೂ ಕೇಳಲಿ ಎಂದೇ ಎತ್ತಿದಳು. "ಈ ಊಟಕ್ಕ ನಿನಗ ಸ್ತೋತ್ರ. ಸೋರೆಕಾಯಿ ಹೆಚ್ಚಿದ ಪೋಚಮ್ಮನ ಕೈ ಹರಸು. ಒಲಿ ಹಚ್ಚಿ ಅನ್ನ ಬೇಯಿಸಿದ ಸುಗುಣಮ್ಮನ ಕೈ ಹರಸು. ಆಮೆನ್."

"ಆಮೆನ್!" ಮಕ್ಕಳು ಅರಚಿ, ತಟ್ಟೆಗೆ ಕೈ ಹಾಕಿದರು.

"ಏನಂದಿ?" ಗೋಡೆಯಾಚೆಯಿಂದ ಶಿವಕಾಂತಾ. "ಸುಗುಣಾ, ಏನಂದಿ ನೀ ಈಗ?"

"ಅಡಿಗಿ ನಾ ಮಾಡೀನ್ರಿ ಅಕ್ಕಾ. ತುಳಜಪ್ಪಣ್ಣ ಬರಾದ್ರಾಗ ಅನ್ನ ಇಳಿದಿತ್ತು."

ಎಲ್ಲರ ಕಣ್ಣು ತುಳಜಪ್ಪನ ಮೇಲೆ ಹೋಯಿತು. ಅವನು ಸೌಟನ್ನು ಒಮ್ಮೆ ನೋಡಿದ, ಅದು ಯಾರೋ ತನ್ನ ಕೈಗೆ ತುರುಕಿದ ವಸ್ತು ಎನ್ನುವ ಹಾಗೆ. "ನಾ ಯಾವಾಗ ಮಾಡೀನಂದೆ? ಹಿಡಿ ಅಂದ್ರು, ಹಿಡದೆ," ಎಂದು ಸೌಟು ಡೇಗಿನ ಮೇಲಿಟ್ಟು, ಟವೆಲು ಝಾಡಿಸಿದ. "ಬಸ್ಸಿಗಿ ಹೊತ್ತಾತು."

ಶಿವಕಾಂತಾ ಒಳಗೆ ಬಂದು ಮಗನ ರಟ್ಟೆ ಹಿಡಿದಳು. ಬೈಯಲಿಲ್ಲ, ಇವರು ಯಾರೂ ಬೈಯುವುದಿಲ್ಲ. "ಮನ್ಯಾಗ ರೊಟ್ಟಿ ಆಗ್ಯಾವ, ನಡಿ," ಅಂದಳು. ಓಂಕಾರ ತುತ್ತು ಬಾಯಿಗೆ ಎತ್ತಿದವನು ಎತ್ತಿದ ಕೈಯಲ್ಲೇ ಎದ್ದ. ಇನ್ನೂ ಕೆಲವು ಮಕ್ಕಳು ಎದ್ದರು. ಹಳದಿ ಕಿರೀಟ ಹುಣಸೆ ಮರದ ಕಡೆಗೆ, ಹಿಂದಕ್ಕೆ ತಿರುತಿರುಗಿ ನೋಡುತ್ತ, ಎಳೆದೊಯ್ಯುವ ಕೈಯ ಹಿಂದೆ ಹೋಯಿತು. ಮಟಮಟ ಮಧ್ಯಾಹ್ನ ಸೂರ್ಯ ಊರ ಕಡೆ ಮುಳುಗಿದ ಹಾಗೆ ಕಂಡಿತು ಸುಗುಣಮ್ಮಳಿಗೆ. ಪಂಕ್ತಿ ಹಲ್ಲು ಉದುರಿದ ಬಾಯಿಯಾಯಿತು.

"ಆತಿಲ್ಲೊ ನಿನ್ನ ಸಮಾಧಾನ?" ದೇವದಾಸಪ್ಪ ಹಲ್ಲು ಕಚ್ಚಿ ಹೇಳಿದ.

ಭೀಮವ್ವ ಈಗ ಸ್ವಾತಿಯ ಮುಂದೆ ನಿಂತಿದ್ದಳು.

"ಏಳು."

ಸ್ವಾತಿಯ ಎರಡೂ ಕೆನ್ನೆ ಉಬ್ಬಿದ್ದವು. "ಹೊಟ್ಟ್ಯಾಗ ಹೋಗ್ಯಾದ, ಆಯಿ. ಈಗ ನಾ ಎದ್ರ ಅದೂ ನನ್ನ ಸಂಗಟೇ ಎದ್ದು ಬರ್ತದ. ಬಂದ್ರೇನು, ಕುಂತ್ರೇನು?"

"ಬಾಯಿ ಮಾಡ್ತಿ? ನಿಮ್ಮಪ್ಪಗ ಹೇಳ್ತೀನಿ, ನಿಂದ್ರು."

"ಹೇಳು. ಉಂಡ್ ಮ್ಯಾಲ ಹೇಳು."

ಭೀಮವ್ವಳ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಹೊಡೆಯಲು ಎತ್ತಿದ್ದೋ, ಹಿಡಿಯಲು ಎತ್ತಿದ್ದೋ, ಅವಳಿಗೂ ಮರೆತಂತಿತ್ತು. ಅವಳು ಊರಿನ ಕಡೆ ನೋಡಿದಳು. ಜೊತೆಯ ಹೆಂಗಸರು ಮರ ದಾಟಿದ್ದರು. "ಲಗೂ ಲಗೂ ಉಣ್ಣು. ಕುರಿ ಕಾಯ್ಲತ್ತಾವ," ಎಂದು ಗೊಣಗಿ, ಚರ್ಚಿನ ಮೆಟ್ಟಿಲ ಮೇಲೆ ಪಂಕ್ತಿಗೆ ಬೆನ್ನು ಮಾಡಿ ಕೂತಳು.

ಪೋಚಮ್ಮ ಆ ತನಕ ಗೋಡೆಗೊರಗಿ ನಿಂತಿದ್ದಳು. ಮಕ್ಕಳು, ಗಂಡಸರು, ಪಾದ್ರಿಗಳು, ನೆಂಟರು ಎಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಜೀವ ಅದು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಧಾನವಾಗಿ ಬಂದು, ಓಂಕಾರ ಬಿಟ್ಟುಹೋದ ತಟ್ಟೆಯ ಮುಂದೆ, ಮಕ್ಕಳ ನಡುವೆ, ಚಕ್ಕಳಮಕ್ಕಳ ಹಾಕಿ ಕೂತಳು. ಕೈ ಹಾಕಿ ಉಣ್ಣತೊಡಗಿದಳು. ಉಳಿದ ಖಾಲಿ ಜಾಗಗಳಿಗೆ ಮಕ್ಕಳು ಕೂತಲ್ಲಿಂದಲೇ ತಟ್ಟೆ ಸಮೇತ ಸರಿದರು. ಯಾರೂ ಹೇಳಿರಲಿಲ್ಲ. ನಡುವೆ ಸಂದಿ ಇದ್ದರೆ ಪಕ್ಕದವರನ್ನು ಚಿವುಟಲು ಆಗುವುದಿಲ್ಲವಲ್ಲ.

ಸುಗುಣಮ್ಮ ಡೇಗಿನ ಮೇಲಿನಿಂದ ಸೌಟು ತೆಗೆದುಕೊಂಡಳು. ಹಿಡಿ ಇನ್ನೂ ಬೆಚ್ಚಗಿತ್ತು. ದಾಲ್ಚಾದ ಬಕೆಟ್ಟು ಎತ್ತಿಕೊಂಡು ಪಂಕ್ತಿಯ ಆ ತುದಿಯಿಂದ ಶುರು ಮಾಡಿದಳು. ಬಗ್ಗಿ, ಬಡಿಸಿ, ಮುಂದಿನ ತಟ್ಟೆ. ಸುಖ ಎನ್ನುವ ಹಾಗಿರಲಿಲ್ಲ, ದುಃಖವೂ ಅಲ್ಲ. ಬಿಸಿಲಿನಲ್ಲಿ ನೆಲದ ಮೇಲೆ ಅವಳ ನೆರಳು ಮಕ್ಕಳ ತಲೆಗಳ ಮೇಲೆ ಹಾಯುತ್ತಾ ಹೋಗುತ್ತಿತ್ತು.

"ಯಕ್ಕಾ, ನನಗ ಇನ್ನಾ ಹಾಕ್ರಿ," ಸ್ವಾತಿ ತಟ್ಟೆ ಎತ್ತಿದಳು.

ಹಾಕಿದಳು.

ಮೆಟ್ಟಿಲ ಮೇಲಿನ ಬೆನ್ನು ತಿರುಗದೆಯೇ ಕೇಳಿತು: "ಏಯ್ ಸ್ವಾತೀ, ಉಪ್ಪು ಸಮಾ ಆಗ್ಯಾದೇನೆ?"

"ನೀನೇ ಉಂಡು ನೋಡು."

ಭೀಮವ್ವ ತಿರುಗಿ ನೋಡಲಿಲ್ಲ. ಎದ್ದೂ ಹೋಗಲಿಲ್ಲ.